ನಕ್ಷೆಯಲ್ಲೇ ಕಸಕ್ಕೊಂದು ಜಾಗ

(ಬೆಂಗಳೂರಿನ ಪೂರ್ವ ಅಂಚಿನಲ್ಲಿ ಕಟ್ಟಲಾಗುತ್ತಿರುವ ಒಂದು ದೊಡ್ಡ ವಸತಿ ಸಮುಚ್ಚಯದಲ್ಲಿ ಮನೆ ಕಾಯ್ದಿರಿಸಿದವರ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ನಿಮ್ಮಲ್ಲಿ ಯಾರ ಕೈಗೂ ಮನೆಯ ಬೀಗದ ಕೈ ಇನ್ನೂ ಬಂದಿಲ್ಲ, ನಾಲ್ಕು ಕಟ್ಟಡಗಳಲ್ಲಿ ಎರಡು ಇನ್ನೂ ತಳಪಾಯದಿಂದ ಮೇಲೆದ್ದಿಲ್ಲ ಎಂದು ತಿಳಿದಾಗ ಈ ಆಹ್ವಾನವನ್ನು ನಾನು ವಿಶೇಷ ಸಂತೋಷದಿಂದ ಒಪ್ಪಿಕೊಂಡೆ. ಕಸದ ವಿಷಯ ಮಾತನಾಡಲು ನನ್ನನ್ನು ಸಾಮಾನ್ಯವಾಗಿ ಕರೆಯುವುದು ಜನ ವಾಸಕ್ಕೆ ಬಂದು ಎರಡು ಮೂರು ವರ್ಷ ಕಳೆದು, ತಳಮಹಡಿಯಲ್ಲಿ ವಾಸನೆ ನೆಲೆಸಿ, ಗುತ್ತಿಗೆದಾರರು ಇಬ್ಬರು ಮೂವರು ಬದಲಾದ ಮೇಲೆ. ಆ ಹೊತ್ತಿಗೆ ಮಾಡಬಹುದಾಗಿದ್ದ ಕೆಲಸದಲ್ಲಿ ಅರ್ಧವನ್ನು ಗೋಡೆಗಳೇ ತಡೆದುಬಿಟ್ಟಿರುತ್ತವೆ. ನಿಮ್ಮ ಗೋಡೆಗಳು ಇನ್ನೂ ಏಳಬೇಕಾಗಿವೆ. ದೊಡ್ಡ ಸಮುಚ್ಚಯವೊಂದರ ಕಸದ ಹಣೆಬರಹವನ್ನು ಬಹುಪಾಲು ಬರೆಯುವುದು ಅದರ ನಕ್ಷೆ; ನಿವಾಸಿಗಳ ಶಿಸ್ತು ಬರುವುದು ಆಮೇಲೆ. ಈ ಒಂದು ವಿಷಯವನ್ನು ನಿಮಗೆ ಮನವರಿಕೆ ಮಾಡಿಕೊಡುವುದಕ್ಕಾಗಿ ನಾನು ಬಂದಿದ್ದೇನೆ.

ಮೊದಲು ಪ್ರಮಾಣದ ಅಂದಾಜು ಮಾಡೋಣ. ನಮ್ಮ ನಗರದ ಮಧ್ಯಮ ವರ್ಗದ ಒಂದು ಮನೆಯಿಂದ ದಿನಕ್ಕೆ ಹೆಚ್ಚುಕಡಿಮೆ ಒಂದು ಕಿಲೋ ಕಸ ಹೊರಬೀಳುತ್ತದೆ ಎಂದಿಟ್ಟುಕೊಂಡರೆ ಸಾವಿರ ಮನೆಗಳ ನಿಮ್ಮ ಸಮುಚ್ಚಯದಿಂದ ದಿನಕ್ಕೊಂದು ಟನ್, ವರ್ಷಕ್ಕೆ 365 ಟನ್. ಇದರಲ್ಲಿ ಸುಮಾರು 600 ಕಿಲೋ ಹಸಿ ಕಸ, ಅಂದರೆ ತರಕಾರಿ ಸಿಪ್ಪೆ, ಉಳಿದ ಅನ್ನ, ಹೂವು, ಟೀ ಸೊಪ್ಪು. 250 ಕಿಲೋದಷ್ಟು ಕಾಗದ, ಪ್ಲಾಸ್ಟಿಕ್, ಗಾಜು, ಲೋಹದ ಒಣ ಕಸ. ಉಳಿದದ್ದು ಡೈಪರ್, ಸ್ಯಾನಿಟರಿ ಪ್ಯಾಡ್, ಗುಡಿಸಿದ ದೂಳು ಮೊದಲಾದವು. ಹಸಿ ಕಸವೊಂದನ್ನೇ 120 ಲೀಟರಿನ ಡಬ್ಬಗಳಿಗೆ ತುಂಬಿದರೆ, ಡಬ್ಬಕ್ಕೆ 50 ಕಿಲೋದಂತೆ, ದಿನವೂ ಹನ್ನೆರಡು ಡಬ್ಬ ಬೇಕು. ಈ ಹನ್ನೆರಡು ಡಬ್ಬಗಳು ಎಲ್ಲಿ ನಿಲ್ಲುತ್ತವೆ, ಯಾವ ಲಿಫ್ಟಿನಲ್ಲಿ ಇಳಿಯುತ್ತವೆ, ಎಲ್ಲಿ ತೊಳೆಯಲ್ಪಡುತ್ತವೆ, ಆ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆಗಳಿಗೆ ನಿಮ್ಮ ಮಾರಾಟದ ಕೈಪಿಡಿಯಲ್ಲಿ ಉತ್ತರವಿದೆಯೇ ಎಂದು ಹುಡುಕಿದೆ. ಈಜುಕೊಳದ ಉದ್ದ ಅಗಲ ಇದೆ, ಬ್ಯಾಡ್ಮಿಂಟನ್ ಅಂಕಣದ ಮರದ ನೆಲದ ವಿವರ ಇದೆ; ಕಸದ ಜಾಗದ ಬಗ್ಗೆ ಒಂದು ಸಾಲೂ ಇಲ್ಲ.

ಈ 365 ಟನ್ ಕಸ ಸಮುಚ್ಚಯದ ಗೇಟು ದಾಟಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲಿ ಕಹಿಯಾದ ಚರಿತ್ರೆ ಇದೆ. 2012ರಲ್ಲಿ, ನಗರದ ಕಸ ಸುರಿಯುತ್ತಿದ್ದ ಮಾವಳ್ಳಿಪುರದ ಜನ ಇನ್ನು ಸಾಕು ಎಂದು ಲಾರಿಗಳನ್ನು ತಡೆದು ನಿಂತಾಗ ನಗರದ ಬೀದಿ ಬೀದಿಗಳಲ್ಲಿ ಕಸದ ರಾಶಿಗಳು ಬಿದ್ದವು. ಆ ಹೊರೆಯನ್ನು ಹೊತ್ತ ಮಂಡೂರು 2014ರವರೆಗೆ ಸಹಿಸಿಕೊಂಡಿತು. ಅಲ್ಲಿನವರೂ ರಸ್ತೆಗಿಳಿದ ಮೇಲೆ ಆ ವರ್ಷದ ಕೊನೆಯಲ್ಲಿ ಅಲ್ಲಿಯೂ ಸುರಿಯುವುದನ್ನು ನಿಲ್ಲಿಸಬೇಕಾಯಿತು. ನಂತರ ಸರದಿ ಬಂದದ್ದು ನಗರದ ಈಶಾನ್ಯಕ್ಕಿರುವ, ಕಲ್ಲು ತೆಗೆದು ಬರಿದಾದ ಕ್ವಾರಿ ಗುಂಡಿಗಳಿಗೆ. ಮಂಡೂರಿನ ಬಾವಿಗಳ ನೀರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬಣ್ಣ ನೋಡಿದ ಮೇಲೆ, 'ಕಸ ಎಸೆಯುವುದು' ಎಂಬ ಮಾತನ್ನು ನಾನು ಸಲೀಸಾಗಿ ಬಳಸಲಾರೆ. ನಾವು ಎಸೆದದ್ದು ಯಾವುದಾದರೂ ಒಂದು ಊರಿನಲ್ಲಿ ಹೋಗಿ ಬೀಳುತ್ತದೆ, ಆ ಊರಿಗೆ ಹೆಸರಿರುತ್ತದೆ, ಅಲ್ಲಿ ಮಕ್ಕಳಿರುತ್ತಾರೆ.

ಡಿಸೆಂಬರ್ 2015ರಲ್ಲಿ ಕರ್ನಾಟಕ ಹೈಕೋರ್ಟು ಬೆಂಗಳೂರಿನ ಪ್ರತಿ ಮನೆಯೂ ಎರಡು ಡಬ್ಬ, ಒಂದು ಚೀಲದ ಪದ್ಧತಿಯನ್ನು ಅನುಸರಿಸಬೇಕೆಂದು ಆದೇಶಿಸಿದ್ದು ಈ ಹಿನ್ನೆಲೆಯಲ್ಲಿಯೇ: ಹಸಿರು ಡಬ್ಬದಲ್ಲಿ ಹಸಿ ಕಸ, ಕೆಂಪು ಡಬ್ಬದಲ್ಲಿ ಡೈಪರ್, ಪ್ಯಾಡಿನಂಥ ನೈರ್ಮಲ್ಯ ತ್ಯಾಜ್ಯ, ಚೀಲದಲ್ಲಿ ಒಣ ಕಸ. ಮರುವರ್ಷ, 2016ರಲ್ಲಿ, ಬಂದ ಕೇಂದ್ರದ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ನಿಮಗೆ ನೇರವಾಗಿ ಸಂಬಂಧಿಸಿದ ಒಂದು ಅಂಶವಿತ್ತು, ಅದನ್ನು ಬಹಳ ಮಂದಿ ಗಮನಿಸಲೇ ಇಲ್ಲ. 200ಕ್ಕಿಂತ ಹೆಚ್ಚು ಮನೆಗಳ ಅಥವಾ 5,000 ಚದರ ಮೀಟರಿಗಿಂತ ದೊಡ್ಡ ನಿವೇಶನದ ಸಮುಚ್ಚಯಗಳ ಅಭಿವೃದ್ಧಿ ನಕ್ಷೆಯಲ್ಲಿ ಕಸ ವಿಂಗಡಿಸಲು, ಇಡಲು, ಅಲ್ಲಿಯೇ ಸಂಸ್ಕರಿಸಲು ಪ್ರತ್ಯೇಕ ಜಾಗವನ್ನು ಗುರುತಿಸಿರಬೇಕು ಎಂದು ಆ ನಿಯಮ ಹೇಳಿತು. ಈಗ ಏಪ್ರಿಲ್ 1, 2026ರಿಂದ ಜಾರಿಗೆ ಗೊತ್ತುಪಡಿಸಿದ ಹೊಸ ನಿಯಮಗಳು ವಿಂಗಡಣೆಯನ್ನು ಹಸಿ, ಒಣ, ನೈರ್ಮಲ್ಯ ಮತ್ತು ವಿಶೇಷ ನಿಗಾ ಬೇಕಾದ ತ್ಯಾಜ್ಯ (ಬಣ್ಣದ ಡಬ್ಬ, ಬಲ್ಬು, ಹಳೆಯ ಔಷಧಿಯಂಥವು) ಎಂದು ನಾಲ್ಕಕ್ಕೆ ಏರಿಸಿವೆ. 20,000 ಚದರ ಮೀಟರ್ ನೆಲ ವಿಸ್ತೀರ್ಣ, ದಿನಕ್ಕೆ 40,000 ಲೀಟರ್ ನೀರಿನ ಬಳಕೆ, ಇಲ್ಲವೇ ದಿನಕ್ಕೆ 100 ಕಿಲೋ ಕಸ, ಇವುಗಳಲ್ಲಿ ಯಾವುದೊಂದನ್ನು ಮುಟ್ಟಿದವರನ್ನೂ ಅವು ತಮ್ಮ ಕಸದ ಹೊಣೆಯನ್ನು ತಾವೇ ಹೊರಬೇಕಾದ ಸಗಟು ಕಸ ಉತ್ಪಾದಕರೆಂದು ಪರಿಗಣಿಸುತ್ತವೆ. ನೀವು ಮೂರನ್ನೂ ದಾಟಿದ್ದೀರಿ. ಹಾಗಾಗಿ ಪಾಲಿಕೆಯ ಆಟೋ ಬಂದು ಎಲ್ಲವನ್ನೂ ಕೊಂಡೊಯ್ಯುತ್ತದೆ ಎಂಬ ನಿರೀಕ್ಷೆಯನ್ನು ಇಂದೇ ಬಿಟ್ಟುಬಿಡಿ.

ಕಾನೂನಿನ ಮಾತು ಇಷ್ಟು ಸಾಕು. ಜನ ವಾಸಕ್ಕೆ ಬರುವುದಕ್ಕೆ ಮುಂಚೆಯೇ ಹುಟ್ಟುವ ಕಸದ ಕಡೆಗೆ ಬರೋಣ. ಅದು ಹಲವು ವರ್ಷಗಳ ಅಡುಗೆಮನೆಯ ಕಸಕ್ಕಿಂತ ಭಾರವಾದದ್ದು, ಆದರೂ ಅದನ್ನು ಯಾರೂ ಕಸವೆಂದು ಕರೆಯುವುದಿಲ್ಲ.

ಒಂದು ಎಕರೆ ನೆಲವನ್ನು ತಳಮಹಡಿಗಾಗಿ ಮೂರು ಮೀಟರ್ ಆಳಕ್ಕೆ ಅಗೆದರೆ 12,000 ಘನ ಮೀಟರ್ ಮಣ್ಣು ಬರುತ್ತದೆ. ಅಗೆದ ಮಣ್ಣು ಸಡಿಲಗೊಂಡು ಇನ್ನೂ ಉಬ್ಬುವುದರಿಂದ, ಅದನ್ನು ಸಾಗಿಸಲು ಸಾವಿರದ ಹತ್ತಿರ ಟಿಪ್ಪರ್ ಲೋಡುಗಳು ಬೇಕಾಗುತ್ತವೆ. ಈ ಸಾವಿರ ಲೋಡುಗಳು ರಾತ್ರಿ ಹೊತ್ತು ಎಲ್ಲಿ ಖಾಲಿಯಾಗುತ್ತವೆ ಎಂಬುದನ್ನು ನಮ್ಮ ಕೆರೆಗಳ ಅಂಚುಗಳು ಹೇಳುತ್ತವೆ. ಬೆಳ್ಳಂದೂರು ಕೆರೆಯ ನೊರೆಯನ್ನೂ ಬೆಂಕಿಯನ್ನೂ ದೇಶವೆಲ್ಲ ನೋಡಿತು. ಆದರೆ ಅದೇ ಕೆರೆಯ ದಡದಲ್ಲಿ ಕಟ್ಟಡದ ಅವಶೇಷ ಸುರಿದು ನೀರಿನ ಪಾತ್ರವನ್ನು ಕಿರಿದು ಮಾಡಿದ್ದು ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ಮೇಲ್ಪದರದ ಒಂದು ಗೇಣು ಮಣ್ಣನ್ನು ಪ್ರತ್ಯೇಕವಾಗಿ ತೆಗೆದು, ಮುಚ್ಚಿಟ್ಟು, ಕೊನೆಯಲ್ಲಿ ಉದ್ಯಾನಕ್ಕೆ ಬಳಸಬೇಕು. ಅದು ರೈತರು ತಲೆಮಾರುಗಳಿಂದ ಗೊಬ್ಬರ ಹಾಕಿ ಸಾಕಿದ ಮಣ್ಣು. ಅದನ್ನು ಕೆಳಗಿನ ಕೆಂಪು ಗರಸು ಮಣ್ಣಿನೊಂದಿಗೆ ಬೆರೆಸಿ ಹಳ್ಳಕ್ಕೆ ಸುರಿದು, ಎರಡು ವರ್ಷದ ನಂತರ ಹುಲ್ಲುಹಾಸಿಗಾಗಿ ಇನ್ನೊಂದು ಹಳ್ಳಿಯ ಹೊಲದ ಮಣ್ಣನ್ನು ಹಣ ಕೊಟ್ಟು ತರಿಸುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ, ಪ್ರತಿ ಸಲವೂ ನೋವಾಗಿದೆ.

ಕಟ್ಟುವಾಗ ಹುಟ್ಟುವ ಚೂರುಪಾರುಗಳನ್ನು ಕಡಿಮೆ ಮಾಡುವ ಉಪಾಯ ಅಳತೆಯಲ್ಲಿದೆ. ಕೋಣೆಯ ಅಗಲವನ್ನು ನಿಗದಿಪಡಿಸುವಾಗಲೇ ನೆಲಕ್ಕೆ ಹಾಸುವ ಟೈಲ್‌ನ ಅಳತೆಯನ್ನು ವಾಸ್ತುಶಿಲ್ಪಿ ಎದುರಿಗಿಟ್ಟುಕೊಂಡರೆ ಪ್ರತಿ ಸಾಲಿನ ಕೊನೆಯ ಟೈಲನ್ನು ಕತ್ತರಿಸಿ ಉಳಿದದ್ದನ್ನು ಬಿಸಾಡುವ ಪ್ರಮೇಯ ಬರುವುದಿಲ್ಲ. ಒಂದು ಕೋಣೆಯಲ್ಲಿ ಇದು ಅಲ್ಪ. ಸಾವಿರ ಮನೆಗಳಲ್ಲಿ ಅದೇ ಕೋಣೆ ಸಾವಿರ ಸಲ ಮರುಕಳಿಸುತ್ತದೆ. ದಿನದ ಕೊನೆಯಲ್ಲಿ ಮಿಕ್ಸರ್ ಲಾರಿಯಲ್ಲಿ ಉಳಿದ ಕಾಂಕ್ರೀಟನ್ನು ಅಚ್ಚಿಗೆ ಸುರಿದು ಪಾದಚಾರಿ ದಾರಿಯ ಹಾಸುಬಿಲ್ಲೆಗಳನ್ನು ಮಾಡಿಕೊಳ್ಳಬಹುದು. ಒಡೆದ ಕಾಂಕ್ರೀಟು ಮತ್ತು ಇಟ್ಟಿಗೆಯನ್ನು ಪುಡಿ ಮಾಡಿ ಮರಳಾಗಿಯೂ ಜಲ್ಲಿಯಾಗಿಯೂ ಮರುಬಳಸುವ ಘಟಕ ಚಿಕ್ಕಜಾಲದ ಕಡೆಗಿದೆ. ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ಕಟ್ಟಡ ತ್ಯಾಜ್ಯ ಹುಟ್ಟಿಸುವ ಕಾಮಗಾರಿ ಮೊದಲೇ ಅದರ ನಿರ್ವಹಣಾ ಯೋಜನೆ ಸಲ್ಲಿಸಬೇಕೆಂದು 2016ರ ಕಟ್ಟಡ ತ್ಯಾಜ್ಯ ನಿಯಮವೇ ಹೇಳಿತ್ತು. ಆ ಯೋಜನೆಯ ಪ್ರತಿಯನ್ನು ನೀವು ಕೇಳಿ ಪಡೆಯಿರಿ, ಲೋಡುಗಳ ಚೀಟಿಗಳನ್ನು ನೋಡಿ. ಖರೀದಿದಾರ ಕೇಳುತ್ತಾನೆ ಎಂದು ಗೊತ್ತಾದಾಗ ಲಾರಿಯ ದಾರಿ ಬದಲಾಗುವುದನ್ನು ನಾನು ಕಂಡಿದ್ದೇನೆ.

ಇದೇ ಆವರಣದ ಮೂಲೆಯಲ್ಲಿ ತಗಡಿನ ಶೆಡ್ಡುಗಳಲ್ಲಿ ನಿಮ್ಮ ಮನೆಗಳನ್ನು ಕಟ್ಟುತ್ತಿರುವ ಕುಟುಂಬಗಳಿವೆ. ಅವರ ಅಡುಗೆಯ ಕಸಕ್ಕೆ, ಶೌಚಕ್ಕೆ, ಮಕ್ಕಳ ಡೈಪರಿಗೆ ಏನು ವ್ಯವಸ್ಥೆ ಎಂದು ಕೇಳಿದರೆ ಅದು ಗುತ್ತಿಗೆದಾರರ ವಿಷಯ ಎಂಬ ಉತ್ತರ ಬರುತ್ತದೆ. ಸಮುಚ್ಚಯದ ಮೊದಲ ನಿವಾಸಿಗಳು ಅವರೇ. ವಿಂಗಡಿಸುವ ಡಬ್ಬಗಳು, ಒಂದು ಗೊಬ್ಬರದ ಗುಂಡಿ ಅವರಿಗಾಗಿಯೇ ಇಂದಿನಿಂದ ಶುರುವಾದರೆ, ಮುಂದೆ ಬೇಕಾಗುವ ದೊಡ್ಡ ಘಟಕದ ಪಾಠಗಳೆಲ್ಲ ಆ ಚಿಕ್ಕ ಗುಂಡಿಯಲ್ಲೇ ಸಿಗುತ್ತವೆ.

ಬೀಗದ ಕೈ ಸಿಕ್ಕಿದ ಮೇಲಿನ ಮೊದಲ ಎರಡು ವರ್ಷಗಳು ಇನ್ನೊಂದು ಬಗೆಯವು. ಆಗ ಪ್ರತಿ ಮನೆಯಲ್ಲೂ ಒಳಾಲಂಕಾರದ ಕೆಲಸ ನಡೆಯುತ್ತದೆ. ಪ್ಲೈವುಡ್ ಚೂರು, ಲ್ಯಾಮಿನೇಟ್ ಪಟ್ಟಿ, ಜಿಪ್ಸಮ್ ಹಲಗೆ, ಬಣ್ಣದ ಡಬ್ಬ, ಅಂಟಿನ ಡಬ್ಬ, ಜೊತೆಗೆ ಹೊಸ ಫ್ರಿಜ್ಜು ಸೋಫಾಗಳೊಂದಿಗೆ ಬರುವ ರಟ್ಟು ಮತ್ತು ಥರ್ಮೋಕೋಲ್. ನಾನಿರುವ ಸಮುಚ್ಚಯಕ್ಕೆ ಜನ ಬರತೊಡಗಿದಾಗ ಈ ರಾಶಿ ಮಕ್ಕಳ ಆಟದ ಮೈದಾನಕ್ಕೆಂದು ಬಿಟ್ಟಿದ್ದ ಜಾಗವನ್ನು ಹದಿನಾಲ್ಕು ತಿಂಗಳು ಆಕ್ರಮಿಸಿತ್ತು. ಅದಕ್ಕಿಂತ ನನ್ನನ್ನು ಕಾಡಿದ್ದು ಕಟ್ಟಿದವರು ಹಾಕಿಕೊಟ್ಟ ಹೊಚ್ಚಹೊಸ ಟೈಲುಗಳು, ವಾಶ್‌ಬೇಸಿನ್ನುಗಳು, ಬಾಗಿಲುಗಳು ಆ ರಾಶಿಯಲ್ಲಿದ್ದದ್ದು. ಕೊಂಡವರ ಅಭಿರುಚಿಗೆ ಅವು ಹೊಂದಲಿಲ್ಲ. ಒಡೆದು ತೆಗೆದು ಬೇರೆ ಹಾಕಿಸಿದರು. ಇದು ತಪ್ಪಿಸಬಹುದಾದ ನಷ್ಟ. ಟೈಲು ಹಾಸುವ ಮೊದಲು ಪ್ರತಿ ಖರೀದಿದಾರರಿಂದ ಲಿಖಿತ ಆಯ್ಕೆ ಪಡೆಯಲಿ, ಬೇಡವೆಂದವರಿಗೆ ಬರಿಯ ನೆಲ ಬಿಟ್ಟು ಬೆಲೆಯಲ್ಲಿ ಕಡಿತ ಕೊಡಲಿ ಎಂದು ನೀವು ಈಗಲೇ ಒತ್ತಾಯಿಸಬಹುದು, ಏಕೆಂದರೆ ಟೈಲುಗಳಿನ್ನೂ ಬಂದಿಲ್ಲ. ಒಳಾಲಂಕಾರದ ಕೆಲಸಕ್ಕೆ ಅನುಮತಿ ನೀಡುವಾಗ ಠೇವಣಿ ಪಡೆದು, ಮರ, ಜಿಪ್ಸಮ್, ಕಲ್ಲುಮಣ್ಣನ್ನು ಬೇರೆ ಬೇರೆ ಚೀಲಗಳಲ್ಲಿ ನಿಗದಿತ ಜಾಗಕ್ಕೆ ತಂದರೆ ಮಾತ್ರ ಅದನ್ನು ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿ ತಡವಾಗಿ ಬಂತು, ಬಂದ ಮೇಲೆ ಚೆನ್ನಾಗಿ ನಡೆಯಿತು.

ಈಗ ನಕ್ಷೆಯ ಒಳಗೆ ಹೋಗೋಣ. ನಿಮ್ಮ ಕಟ್ಟಡಗಳ ಪ್ರತಿ ಮಹಡಿಯಲ್ಲಿ ಲಿಫ್ಟಿನ ಪಕ್ಕ ಕಸದ ಚ್ಯೂಟ್ ತೋರಿಸಿದ್ದಾರೆ. ಹದಿನೆಂಟು ಮಹಡಿಯಿಂದ ಕೆಳಗಿನವರೆಗೆ ಒಂದೇ ಕೊಳವೆ. ಮನೆಯವರು ಬಾಗಿಲು ತೆರೆದು ಚೀಲ ಹಾಕಿದರೆ ಅದು ತಳಮಹಡಿಯ ತೊಟ್ಟಿಗೆ ಬೀಳುತ್ತದೆ. ನಮ್ಮಲ್ಲೂ ಇದೇ ಇತ್ತು. ಕೊಳವೆ ಒಂದೇ ಆದ್ದರಿಂದ ಮನೆಯಲ್ಲಿ ಶ್ರದ್ಧೆಯಿಂದ ಬೇರ್ಪಡಿಸಿದ್ದು ತೊಟ್ಟಿಯಲ್ಲಿ ಒಂದಾಗುತ್ತಿತ್ತು, ಹದಿನೆಂಟನೆಯ ಮಹಡಿಯಿಂದ ಬಿದ್ದ ಚೀಲ ಒಡೆದು ಅನ್ನ ಸಾರು ಕಾಗದಕ್ಕೆ ಹತ್ತುತ್ತಿತ್ತು, ಕೊಳವೆಯ ಒಳಗೋಡೆಗೆ ಅಂಟಿದ್ದನ್ನು ತೊಳೆಯುವ ದಾರಿಯೇ ಇರಲಿಲ್ಲ. ಚೀಲ ಹಾಕಿದವರು ಯಾರೆಂದು ತಿಳಿಯದ ಕಾರಣ ತಪ್ಪನ್ನು ತಿದ್ದಲೂ ಆಗುತ್ತಿರಲಿಲ್ಲ. ನಾಲ್ಕು ವರ್ಷದ ವಾಗ್ವಾದದ ನಂತರ ಎಲ್ಲ ಬಾಗಿಲುಗಳನ್ನು ಬೆಸುಗೆ ಹಾಕಿ ಮುಚ್ಚಿದೆವು. ಚ್ಯೂಟಿಗೆ ಮೀಸಲಾದ ಆ ಜಾಗದಲ್ಲಿ, ಮಹಡಿಗೊಂದರಂತೆ, ಮೂರು ನಾಲ್ಕು ಡಬ್ಬ ಹಿಡಿಸುವ, ಗಾಳಿಯಾಡುವ, ಗೋಡೆಗೆ ಟೈಲು ಹಾಕಿದ ಪುಟ್ಟ ಕೋಣೆ ಇರಲಿ ಎಂಬುದು ನನ್ನ ಮೊದಲ ಬೇಡಿಕೆ. ಡಬ್ಬಗಳನ್ನು ಇಳಿಸಲು ಸೇವಾ ಲಿಫ್ಟು ಜನರ ಲಿಫ್ಟಿನಿಂದ ಬೇರೆಯಾಗಿರಲಿ ಎಂಬುದು ಎರಡನೆಯದು.

ಕೆಳಗಿನ ಕಸದ ಅಂಗಳ ತಳಮಹಡಿಯಲ್ಲಿರಬಾರದು. ತಳಮಹಡಿಯ ಚಾವಣಿಯ ಎತ್ತರ ಕಾರಿಗೆ ಸಾಕು, ಲಾರಿಗೆ ಸಾಲದು; ಆಗ ಟನ್ನುಗಟ್ಟಲೆ ಕಸವನ್ನು ಆಳುಗಳು ಇಳಿಜಾರಿನಲ್ಲಿ ತಳ್ಳಿಕೊಂಡು ಮೇಲೇರಬೇಕಾಗುತ್ತದೆ. ನೆಲಮಟ್ಟದಲ್ಲಿ, ಹಿಂಬದಿಯ ಗೇಟಿನ ಹತ್ತಿರ, ಲಾರಿ ಹಿಮ್ಮುಖವಾಗಿ ಬಂದು ತಿರುಗಲು ಜಾಗವಿರುವ ಕಡೆ ಅದು ಇರಲಿ. ನೀರಿನ ನಲ್ಲಿ ಇರಲಿ. ತೊಳೆದ ನೀರಿನ ಚರಂಡಿ ಒಳಚರಂಡಿ ಶುದ್ಧೀಕರಣ ಘಟಕಕ್ಕೆ ಸೇರಲಿ. ಮಳೆನೀರಿನ ಕಾಲುವೆಗೆ ಸೇರಿದರೆ ಅದು ರಾಜಕಾಲುವೆಯ ಮೂಲಕ ನೇರವಾಗಿ ಕೆರೆಗೆ ಹೋಗುತ್ತದೆ. ಅಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಶೌಚಾಲಯ, ಸ್ನಾನದ ಮನೆ, ಬಟ್ಟೆ ಬದಲಿಸುವ ಕೋಣೆ ಬೇಕು. ನಕ್ಷೆಯಲ್ಲಿ ಚಾಲಕರ ವಿಶ್ರಾಂತಿ ಕೋಣೆ ಇದೆ, ಒಳ್ಳೆಯದು. ಕಸ ಮುಟ್ಟುವವರು ಕೈ ತೊಳೆದು ಊಟಕ್ಕೆ ಕೂರುವ ಜಾಗ ಅದಕ್ಕಿಂತ ಮುಂಚೆ ಇರಬೇಕಾದದ್ದು.

ಹಸಿ ಕಸದ ಸಂಸ್ಕರಣೆಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಸಮುಚ್ಚಯಗಳು ಎಡವುವುದು ಇಲ್ಲಿಯೇ. ನಮ್ಮಲ್ಲಿ ಅನೇಕರು ಹಳ್ಳಿಯ ತಿಪ್ಪೆಯನ್ನು ನೋಡಿ ಬೆಳೆದವರು. ಕಸ ಹಾಕಿದರೆ ತಾನಾಗಿ ಗೊಬ್ಬರವಾಗುತ್ತದೆ ಎಂದು ನಂಬಿದವರು. ತಿಪ್ಪೆಗೆ ಸೆಗಣಿ ಎಷ್ಟು ಬೀಳುತ್ತಿತ್ತೋ ಅಷ್ಟೇ ಹುಲ್ಲು, ಸೊಪ್ಪು, ತರಗು, ಒಲೆಯ ಬೂದಿಯೂ ಬೀಳುತ್ತಿತ್ತು. ಗೊಬ್ಬರ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಬೇಕು, ತೇವ 50ರಿಂದ 60 ಶೇಕಡಾ ಇರಬೇಕು, ಗಾಳಿ ಆಡಬೇಕು. ಅಡುಗೆಮನೆಯ ಕಸದಲ್ಲಿ ಇಂಗಾಲ ಆ ಪ್ರಮಾಣದಲ್ಲಿಲ್ಲ, ತೇವ 70 ಶೇಕಡಾ ಮೀರಿರುತ್ತದೆ. ಅದೊಂದನ್ನೇ ತೊಟ್ಟಿಗೆ ಹಾಕಿದರೆ ಗಾಳಿ ಸಿಗದೆ ಕೊಳೆತು ನಾರುತ್ತದೆ, ಹುಳ ಬೀಳುತ್ತದೆ, ಆಮೇಲೆ ಪಕ್ಕದ ಕಟ್ಟಡದವರು ದೂರು ಕೊಟ್ಟು ಘಟಕವನ್ನೇ ಮುಚ್ಚಿಸುತ್ತಾರೆ. ಅವರ ದೂರು ನ್ಯಾಯವಾದದ್ದೇ.

ನಿಮ್ಮ 600 ಕಿಲೋ ಹಸಿ ಕಸಕ್ಕೆ ದಿನಕ್ಕೆ ಎಷ್ಟು ಒಣ ಎಲೆ ಬೇಕೆಂದು ಲೆಕ್ಕ ಹಾಕಿದೆ: ಸುಮಾರು 150 ಕಿಲೋ. ಮರದ ಹೊಟ್ಟಾದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು ಸಾಕು. ವರ್ಷಕ್ಕೆ 50 ಟನ್ನಿಗೂ ಮೀರಿದ ಒಣ ಎಲೆ ಎಲ್ಲಿಂದ ಬರಬೇಕು? ಬೆಂಗಳೂರಿನ ಬೀದಿಗಳಲ್ಲಿ ಹೊಂಗೆ, ಮಳೆಮರಗಳು ಎಲೆ ಉದುರಿಸುವುದು ಜನವರಿಯಿಂದ ಮಾರ್ಚ್ ತನಕ. ಆ ಎಲೆಯನ್ನು ಗುಡಿಸಿ ರಸ್ತೆಯ ಬದಿಯಲ್ಲೇ ಸುಡುವುದು ಇವತ್ತಿಗೂ ಪೂರ್ತಿ ನಿಂತಿಲ್ಲ. ನಿಮಗೆ ಇಂಗಾಲದ ಅಗತ್ಯ ಹೆಚ್ಚಾಗುವುದು ಜೂನ್‌ನಿಂದ ಅಕ್ಟೋಬರ್ ತನಕದ ಮಳೆಗಾಲದಲ್ಲಿ. ಹಾಗಾಗಿ ಬೇಸಿಗೆಯ ಎಲೆಯನ್ನು ತರಿಸಿ, ಪುಡಿ ಮಾಡಿ, ಮಳೆ ತಾಗದಂತೆ ಕೂಡಿಡುವ ಎಲೆಯ ಕಣಜವೊಂದು ಘಟಕದ ಪಕ್ಕ ಇರಲೇಬೇಕು. ಇದಿಲ್ಲದ ಘಟಕಗಳು ಆಗಸ್ಟಿನಲ್ಲಿ ನಾರುವುದನ್ನು ನಾನು ವರ್ಷವರ್ಷವೂ ನೋಡುತ್ತೇನೆ. ಉದ್ಯಾನದ ಯೋಜನೆಯನ್ನೂ ಇದೇ ಕಣ್ಣಿನಿಂದ ನೋಡಿ. ನಿಮ್ಮ ಕೈಪಿಡಿಯ ಚಿತ್ರದಲ್ಲಿ ವಿಶಾಲವಾದ ಹುಲ್ಲುಹಾಸು, ಅಂಚಿಗೆ ವಿದೇಶಿ ತಾಳೆಗಳು. ಕತ್ತರಿಸಿದ ಹುಲ್ಲು ಅಡುಗೆಮನೆಯ ಕಸದಂತೆ ಹಸಿಯೇ. ತಾಳೆಯ ಗರಿ ನಾರುನಾರಾಗಿದ್ದು ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಅವುಗಳ ಬದಲು ಹೊಂಗೆ, ಹೊಳೆಮತ್ತಿ ನೆಟ್ಟರೆ ನೆರಳಿನ ಜೊತೆಗೆ ಎಲೆಯೂ ಸಿಗುತ್ತದೆ.

ನೆಲಮಟ್ಟದಲ್ಲಿ ಗೊಬ್ಬರದ ತೊಟ್ಟಿಗಳು, ಮಾಗಿಸುವ ಜಾಗ, ಕತ್ತರಿಸುವ ಯಂತ್ರ, ಎಲೆಯ ಕಣಜ ಎಲ್ಲ ಸೇರಿ 150ರಿಂದ 200 ಚದರ ಮೀಟರ್ ಬೇಕಾಗುತ್ತದೆ. ಸುಮಾರು ಹತ್ತು ಕಾರುಗಳ ಜಾಗ. ಈ ಹತ್ತು ಕಾರುಗಳ ಜಾಗವನ್ನು ಉಳಿಸಲೆಂದೇ 24 ಗಂಟೆಯಲ್ಲಿ ಗೊಬ್ಬರ ಕೊಡುತ್ತೇವೆ ಎನ್ನುವ ವಿದ್ಯುತ್ ಯಂತ್ರವನ್ನು ತಳಮಹಡಿಯಲ್ಲಿ ಕೂರಿಸುತ್ತಾರೆ. ಆ ಯಂತ್ರ ಕಸವನ್ನು ಕಾಯಿಸಿ ಒಣಗಿಸುತ್ತದೆ. ಒಣಗಿದ್ದು ಗೊಬ್ಬರವಲ್ಲ, ಗಿಡದ ಬುಡಕ್ಕೆ ಹಾಕಿ ನೀರು ಬಿಟ್ಟರೆ ಮತ್ತೆ ಕೊಳೆಯತೊಡಗುತ್ತದೆ. 600 ಕಿಲೋ ಕಸದಿಂದ 350 ಲೀಟರ್ ನೀರನ್ನು ಆವಿಯಾಗಿಸಲು, ಒಂದಿಷ್ಟೂ ಶಾಖ ಪೋಲಾಗದಿದ್ದರೂ, ದಿನಕ್ಕೆ 220 ಯೂನಿಟ್ ವಿದ್ಯುತ್ ಬೇಕು. ಈ ಲೆಕ್ಕವನ್ನು ಹಾಕಲು ಹೈಸ್ಕೂಲಿನ ಭೌತಶಾಸ್ತ್ರ ಸಾಕು. ನಮ್ಮ ಸಮಿತಿ ಅದನ್ನು ಹಾಕಿದ್ದು ಮೊದಲ ಮೂರು ತಿಂಗಳ ಬಿಲ್ಲು ಬಂದ ಮೇಲೆ.

ಜೈವಿಕ ಅನಿಲ ಇನ್ನೊಂದು ದಾರಿ. 600 ಕಿಲೋದಿಂದ ದಿನಕ್ಕೆ 50 ಘನ ಮೀಟರಿನ ಆಸುಪಾಸು ಅನಿಲ ಸಿಗಬಹುದು, ಶಕ್ತಿಯಲ್ಲಿ ಅದು ಒಂದೂವರೆ ಮನೆಬಳಕೆಯ ಸಿಲಿಂಡರಿಗೆ ಸಮ. ದಿನವೂ ಅದನ್ನು ಉರಿಸುವ ಅಡುಗೆಮನೆ, ಹೊರಬರುವ ರಾಡಿಯನ್ನು ಬಳಸುವ ತೋಟ ಎರಡೂ ಆವರಣದಲ್ಲೇ ಇದ್ದರೆ ಒಳ್ಳೆಯದು. ನಿಮ್ಮ ಕ್ಲಬ್‌ಹೌಸಿನಲ್ಲಿ ದಿನವೂ ನಡೆಯುವ ಅಡುಗೆಮನೆ ಇಲ್ಲ, ಆದ್ದರಿಂದ ನಾನು ಗೊಬ್ಬರದ ಕಡೆಗೇ ವಾಲುತ್ತೇನೆ.

ಗೊಬ್ಬರ ದಿನಕ್ಕೆ 100ರಿಂದ 150 ಕಿಲೋ ಸಿಗುತ್ತದೆ, ನಿಮ್ಮ ತೋಟಕ್ಕೆ ಅಷ್ಟು ಬೇಡ. ಮಿಕ್ಕಿದ್ದನ್ನು ಕೊಳ್ಳಲು ಹೊಸಕೋಟೆ, ಮಾಲೂರಿನ ಕಡೆಯ ರೈತರು ಸಿದ್ಧರಿರುತ್ತಾರೆ, ಆದರೆ ಗಾಜಿನ ಒಂದು ಚೂರು ಕೈಗೆ ತಾಗಿದರೆ ಮತ್ತೆ ತಿರುಗಿ ನೋಡುವುದಿಲ್ಲ. ನಮ್ಮ ಗೊಬ್ಬರವನ್ನು ಮೊದಲ ಸಲ ಒಯ್ದ ರೈತರೊಬ್ಬರು ಅದರಲ್ಲಿ ಸಿಕ್ಕ ಹಾಲಿನ ಪ್ಯಾಕೆಟ್ಟಿನ ಮೂಲೆಯ ತುಣುಕುಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ವಾಪಸು ತಂದು ನಮ್ಮ ಮೇಜಿನ ಮೇಲಿಟ್ಟರು. ಒಂದು ಮಾತೂ ಆಡಲಿಲ್ಲ. ಅಂದಿನಿಂದ ನಮ್ಮಲ್ಲಿ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ಅಂಟಿಕೊಂಡಿರುವಂತೆ ಸೀಳಿ, ತೊಳೆದು, ಒಣಗಿಸಿ ಕೊಡುವ ಅಭ್ಯಾಸ ಬಂದಿದೆ. ಮನೆಗೆ ಎರಡರಂತೆ ಸಾವಿರ ಮನೆಗಳಿಂದ ವರ್ಷಕ್ಕೆ 7,30,000 ಪ್ಯಾಕೆಟ್ಟುಗಳು, ಅಷ್ಟೇ ಮೂಲೆಗಳು.

ಒಣ ಕಸದಲ್ಲಿ ಬೆಲೆ ನಿಲ್ಲುವುದು ಅದು ಒಣಗಿದ್ದಾಗ ಮಾತ್ರ. ಸಾರು ತಾಗಿದ ರಟ್ಟನ್ನು ಯಾವ ಗುಜರಿಯವರೂ ಮುಟ್ಟುವುದಿಲ್ಲ. ಬೆಂಗಳೂರಿನಲ್ಲಿ ಚಿಂದಿ ಆಯುವವರನ್ನು ಸಂಘಟಿಸಿ, ಪಾಲಿಕೆಯ ಗುರುತಿನ ಚೀಟಿ ಕೊಡಿಸಿ, ವಾರ್ಡುಗಳ ಒಣ ಕಸ ಸಂಗ್ರಹ ಕೇಂದ್ರಗಳನ್ನು ಅವರ ಕೈಗೆ ಒಪ್ಪಿಸುವ ಕೆಲಸದಲ್ಲಿ ಹಸಿರು ದಳದಂಥ ಸಂಸ್ಥೆಗಳು ದೊಡ್ಡ ದಾರಿ ಸವೆಸಿವೆ. ದಶಕಗಳಿಂದ ಬರಿಗೈಯಲ್ಲಿ ಈ ನಗರದ ಹೊರೆ ಇಳಿಸಿದವರು ಅವರು. ಯಾವ ಪ್ಲಾಸ್ಟಿಕ್ ಯಾವ ಜಾತಿಯದೆಂದು ಬೆರಳಲ್ಲಿ ಮುಟ್ಟಿ, ಹಿಂಡಿದಾಗಿನ ಸದ್ದು ಕೇಳಿ ಹೇಳಬಲ್ಲವರು. ಗುತ್ತಿಗೆ ಕೊಡುವಾಗ ಅತಿ ಕಡಿಮೆ ದರ ಹೇಳಿದವರನ್ನು ಮಾತ್ರ ನೋಡದೆ, ಅಂಥವರಿಗೆ ಕೆಲಸ, ಕೈಗವಸು, ಸಂಬಳದ ಚೀಟಿ ಕೊಡುವವರನ್ನು ಆರಿಸಿಕೊಳ್ಳಿ. ಚಿಪ್ಸ್ ಪೊಟ್ಟಣದಂಥ ಹಲವು ಪದರದ ಪ್ಲಾಸ್ಟಿಕ್ಕಿಗೆ ಮಾತ್ರ ಸಿಮೆಂಟ್ ಕಾರ್ಖಾನೆಯ ಗೂಡಿನ ಹೊರತು ಸದ್ಯಕ್ಕೆ ಹೆಚ್ಚಿನ ದಾರಿಗಳಿಲ್ಲ. ಅದನ್ನು ತರದಿರುವುದೇ ಅದರ ನಿರ್ವಹಣೆ.

ತರದಿರುವ ಮಾತಿಗೆ ಬಂದರೆ, ನಮ್ಮ ಊರುಗಳಲ್ಲಿ ದೇವಸ್ಥಾನದ ಉಗ್ರಾಣದಲ್ಲಿ ಊರೊಟ್ಟಿನ ಪಾತ್ರೆಗಳಿರುತ್ತಿದ್ದವು. ಮದುವೆ ಮುಂಜಿಗೆ ಕೊಪ್ಪರಿಗೆ, ತಪ್ಪಲೆ, ಲೋಟಗಳನ್ನು ಎಣಿಸಿ ಒಯ್ದು ಬೆಳಗಿ ಹಿಂದಿರುಗಿಸುತ್ತಿದ್ದರು. ನಿಮ್ಮ ಕ್ಲಬ್‌ಹೌಸಿನಲ್ಲಿ 300 ಸ್ಟೀಲಿನ ತಟ್ಟೆ, ಲೋಟ, ಚಮಚಗಳ ಕಪಾಟು ಮತ್ತು ಅವುಗಳನ್ನು ತೊಳೆಯುವ ದೊಡ್ಡ ಸಿಂಕು ಇದ್ದರೆ, ಹುಟ್ಟುಹಬ್ಬದ ಮರುದಿನ ಲೇಪ ಹಚ್ಚಿದ ಕಾಗದದ ತಟ್ಟೆಗಳ ಗುಡ್ಡ ಇರುವುದಿಲ್ಲ. ನಮ್ಮಲ್ಲಿ ಕಪಾಟು ಬಂತು, ಸಿಂಕಿಗೆ ಕೊಳವೆ ಎಳೆಯಲು ಗೋಡೆ ಒಡೆಯಬೇಕಾಯಿತು. ನಿಮಗೆ ಅದು ನಕ್ಷೆಯಲ್ಲಿ ಒಂದು ಗೆರೆ. ಆಯುಧಪೂಜೆಯ ಮರುದಿನದ ಒಡೆದ ಬೂದುಗುಂಬಳ, ಬಾಳೆಕಂಬ, ಮಾವಿನ ಎಲೆಗಳನ್ನೂ ಮರೆಯಬೇಡಿ. ಆ ವಾರದ ಹಸಿ ಕಸ ಮಾಮೂಲಿಗಿಂತ ಬಹಳ ಹೆಚ್ಚು, ಬಾಳೆಕಂಬವನ್ನು ಕತ್ತರಿಸದೆ ತೊಟ್ಟಿಗೆ ಹಾಕಿದರೆ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿರುತ್ತದೆ.

ಇಷ್ಟೆಲ್ಲ ಆದ ಮೇಲೂ ಡಬ್ಬಕ್ಕೆ ಕಸ ಹಾಕುವ ಕೈ ಯಾರದು ಎಂಬುದನ್ನು ಯೋಚಿಸಬೇಕು. ನಿಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಅದು ಮನೆಕೆಲಸಕ್ಕೆ ಬರುವ ಹೆಂಗಸಿನ ಕೈ. ಕಸದ ಬಗ್ಗೆ ನಡೆಯುವ ಸಭೆಗಳಿಗೆ ಅವರನ್ನು ಕರೆಯುವುದಿಲ್ಲ, ಸುತ್ತೋಲೆಗಳು ಇಂಗ್ಲಿಷಿನಲ್ಲಿರುತ್ತವೆ, ಮತ್ತೆ ತಪ್ಪಾದಾಗ ಬೈಗುಳ ಅವರಿಗೇ. ನಮ್ಮಲ್ಲಿ ವಿಂಗಡಣೆ ನಿಜವಾಗಿ ಸುಧಾರಿಸಿದ್ದು ಮಧ್ಯಾಹ್ನ ಎರಡು ಗಂಟೆಗೆ, ಅವರ ಕೆಲಸ ಮುಗಿಯುವ ಹೊತ್ತಿಗೆ, ಕನ್ನಡ, ತಮಿಳು, ತೆಲುಗು, ಹಿಂದಿಯಲ್ಲಿ ಅವರೊಂದಿಗೆ ಕೂತು ಮಾತನಾಡಿದ ಮೇಲೆ. ಸ್ಯಾನಿಟರಿ ಪ್ಯಾಡನ್ನು ಹಳೆ ಕಾಗದದಲ್ಲಿ ಸುತ್ತಿ ಕೆಂಪು ಗುರುತು ಹಾಕುವ ಸಲಹೆಯನ್ನು ಒತ್ತಿ ಹೇಳಿದವರೂ ಅವರೇ. ಬರಿಯ ಕೈಯಲ್ಲಿ ಅದನ್ನು ಬೇರ್ಪಡಿಸುವ ಅನುಭವ ಅವರ ಅಕ್ಕ ತಂಗಿಯರದ್ದಾಗಿತ್ತು.

ಉಪನ್ಯಾಸದ ನಂತರ ಒಬ್ಬರು, ಇದಕ್ಕೆಲ್ಲ ಕಟ್ಟುವವರು ಒಪ್ಪುತ್ತಾರೆಯೇ ಎಂದು ಕೇಳಿದರು. ಹಸ್ತಾಂತರದ ಕರಾರಿನಲ್ಲಿ ಸೇರಿಸಬೇಕಾದ ಒಂದು ಷರತ್ತನ್ನು ಅವರಿಗೆ ಹೇಳಿದೆ, ಇಲ್ಲಿಯೂ ಬರೆಯುತ್ತೇನೆ. ಲಿಫ್ಟು, ಜನರೇಟರು, ನೀರಿನ ಪಂಪುಗಳನ್ನು ನಿವಾಸಿಗಳ ಸಂಘಕ್ಕೆ ಒಪ್ಪಿಸುವ ಮೊದಲು ಓಡಿಸಿ ತೋರಿಸುವ ಪದ್ಧತಿ ಇದೆ. ಗೊಬ್ಬರದ ಘಟಕವನ್ನು ಮಾತ್ರ ಖಾಲಿ ತೊಟ್ಟಿಗಳಾಗಿ ಒಪ್ಪಿಸುತ್ತಾರೆ. ಕನಿಷ್ಠ 300 ಮನೆಗಳಲ್ಲಿ ಜನ ವಾಸಕ್ಕೆ ಬಂದ ಮೇಲೆ, ಅವರ ಹಸಿ ಕಸದಿಂದಲೇ ಕಟ್ಟಿದವರು 60 ದಿನ ಆ ಘಟಕವನ್ನು ನಡೆಸಿ, ದಿನವೂ ತೂಕ ಬರೆದು, ಮಾಗಿದ ಗೊಬ್ಬರ ತೆಗೆದು ತೋರಿಸಿದ ನಂತರವೇ ಸಂಘವು ಸಹಿ ಹಾಕುತ್ತದೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ. ಆ 60 ದಿನಗಳಲ್ಲಿ ಕನಿಷ್ಠ 20 ದಿನ ಮಳೆಗಾಲದಲ್ಲಿ ಬರುವಂತೆ ನೋಡಿಕೊಳ್ಳಿ.